ಗಾಡಿ ಕಂಡರೆ ಬೆದರುವ ನಾಯಿ

(ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ರೈತರ ಮುಂದೆ ಮಾಡಿದ ಭಾಷಣದ ಪಠ್ಯ)



ನಿಟ್ಟುವಳ್ಳಿ ಈಗ ದಾವಣಗೆರೆ ನಗರದೊಳಗೇ ಸೇರಿಹೋಗಿದೆ. ಮನೆ ಇಲ್ಲಿ, ಗದ್ದೆ ತೋಟ ಊರಾಚೆ ಎಂಬಂಥ ಕುಟುಂಬಗಳಿಗೆ ನಾಯಿಯನ್ನು ಗಾಡಿಯಲ್ಲಿ ಒಯ್ಯುವ ಕೆಲಸ ತಪ್ಪಿದ್ದಲ್ಲ. ಮೆಕ್ಕೆಜೋಳದ ರಾಶಿ ಕಣದಲ್ಲಿರುವಾಗ ಕಾವಲಿಗೆ ಒಯ್ಯಬೇಕು. ವರ್ಷಕ್ಕೊಮ್ಮೆಯಾದರೂ ಪಶು ಆಸ್ಪತ್ರೆಗೆ ಒಯ್ಯಬೇಕು. ಎತ್ತು ಎಮ್ಮೆ ಸಾಗಿಸುವ ಬಗ್ಗೆ ಇಂಥ ಸಭೆಗಳಲ್ಲಿ ಮಾತು ಬರುತ್ತದೆ, ನಾಯಿಯ ಬಗ್ಗೆ ಬರುವುದಿಲ್ಲ. ಗಾಡಿ ಕಂಡ ಕೂಡಲೆ ಅದು ಬಾಲ ಮುದುಡಿಕೊಂಡು ಹುಲ್ಲಿನ ಬಣವೆಯ ಹಿಂದೆ ಅಡಗಿದರೆ "ಹೋಗಲಿ ಬಿಡು, ಮುಂದಿನ ವಾರ ನೋಡೋಣ" ಎನ್ನುತ್ತಾರೆ.

ಆ ಮುಂದಿನ ವಾರ ಬಾರದೆ ಹೋಗುವುದೇ ಅಪಾಯ. ರೇಬೀಸ್ ಅಂದರೆ ಹುಚ್ಚುನಾಯಿ ರೋಗದ ಲಕ್ಷಣ ಮನುಷ್ಯನಲ್ಲಿ ಒಮ್ಮೆ ಕಾಣಿಸಿತೆಂದರೆ ಅವನು ಬದುಕಿ ಉಳಿಯುವುದಿಲ್ಲವೆಂದೇ ತಿಳಿಯಬೇಕು. ತಡೆಯುವ ದಾರಿ ಚುಚ್ಚುಮದ್ದು: ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಪಶುವೈದ್ಯರು ಹೇಳಿದ ಸಮಯಕ್ಕೆ ಎರಡನೆಯದು, ಅನಂತರ ವರ್ಷಕ್ಕೊಮ್ಮೆ. ಆದ್ದರಿಂದ ನಾಯಿಯ ಗಾಡಿಭಯವು ಬರೀ ನಾಯಿಯ ಕಷ್ಟವಲ್ಲ, ಮನೆಯ ಮಕ್ಕಳ ಜೀವಕ್ಕೂ ಸಂಬಂಧಪಟ್ಟದ್ದು.

ಈ ಭಯ ಎಲ್ಲಿಂದ ಬರುತ್ತದೆ? ಒಂದು ಕಾರಣ ದೇಹದ್ದು. ಮೈಯ ಸಮತೋಲನ ನೋಡಿಕೊಳ್ಳುವ ಅಂಗ ಒಳಕಿವಿಯಲ್ಲಿದೆ. ಗಾಡಿ ಕುಲುಕಿದಾಗ ಕಿವಿ ಹೇಳುವುದೊಂದು, ಕಣ್ಣು ಕಾಣುವುದೊಂದು ಆಗಿ ವಾಕರಿಕೆ ಬರುತ್ತದೆ. ಮರಿಗಳಲ್ಲಿ ಇದು ಹೆಚ್ಚು, ಬೆಳೆದಂತೆ ಎಷ್ಟೋ ನಾಯಿಗಳಲ್ಲಿ ಕಡಿಮೆಯಾಗುತ್ತದೆ. ಇನ್ನೊಂದು ಕಾರಣವನ್ನು ನಾವೇ ಕಲಿಸಿರುತ್ತೇವೆ. ವರ್ಷಕ್ಕೊಂದೇ ಸಲ ಗಾಡಿ ಹತ್ತಿಸಿ, ಆ ಒಂದು ಸಲವೂ ಸೂಜಿ ಚುಚ್ಚಿಸಿದರೆ ಗಾಡಿಯೆಂದರೆ ನೋವೆಂದೇ ಅದು ಗುರುತಿಟ್ಟುಕೊಳ್ಳುತ್ತದೆ. ನಾಯಿಯ ನೆನಪು ಇಂಥ ವಿಷಯದಲ್ಲಿ ಬಲು ಗಟ್ಟಿ.

ಭಯದ ಗುರುತುಗಳನ್ನು ಮೊದಲೇ ಲಕ್ಷಿಸಬೇಕು. ಜೊಲ್ಲು ಸುರಿಸುವುದು, ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮೈ ನಡುಗುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು. ಈ ಸ್ಥಿತಿಯಲ್ಲಿ ಬೈದು ಹೊಡೆದು ಎಳೆದರೆ ಸಾಕಿದವನ ಕೈಯನ್ನೇ ಕಚ್ಚಬಹುದು. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಮನೆಯ ನಾಯಿಯೆಂದು ಸುಮ್ಮನಿರಕೂಡದು.

ಭಯ ಬಿಡಿಸುವ ಕ್ರಮ ಸಸಿಮಡಿಯ ಸಸಿಯನ್ನು ಬಿಸಿಲಿಗೆ ಒಗ್ಗಿಸಿದಂತೆ. ಮೊದಲ ಎರಡು ಮೂರು ದಿನ ಗಾಡಿ ನಿಂತೇ ಇರಲಿ, ಎಂಜಿನ್ ಬೇಡ. ಅದರ ಪಕ್ಕದಲ್ಲಿ ರೊಟ್ಟಿಯ ತುಂಡು ಹಾಕಿ, ಮರುದಿನ ಗಾಡಿಯೊಳಗೇ ಹಾಕಿ. ತಾನಾಗಿ ಹತ್ತಿ ಇಳಿಯಲಿ. ಆಮೇಲೆ ಎಂಜಿನ್ ಚಾಲೂ ಮಾಡಿ, ಕದಲಿಸದೆ ಎರಡು ನಿಮಿಷ ಕೂಡ್ರಿಸಿ. ಅನಂತರ ಓಣಿಯ ತಿರುವಿನವರೆಗೆ, ಆಮೇಲೆ ತೋಟದವರೆಗೆ. ತೋಟದಲ್ಲಿ ಬಿಚ್ಚಿ ಓಡಾಡಲು ಬಿಟ್ಟರೆ ಗಾಡಿಯ ಕೊನೆಯಲ್ಲಿ ಸೂಜಿಯೇ ಇರಬೇಕೆಂದಿಲ್ಲ ಎಂಬುದು ಅದಕ್ಕೆ ತಿಳಿಯುತ್ತದೆ. ಯಾವುದೇ ಹಂತದಲ್ಲಿ ಬೆದರಿದರೆ ಹಿಂದಿನ ಹಂತಕ್ಕೆ ಮರಳಬೇಕು. ಕೆಲವು ನಾಯಿಗೆ ಹತ್ತು ದಿನ ಸಾಕು, ಕೆಲವಕ್ಕೆ ತಿಂಗಳು ಬೇಕು. ಬೆದರಿದ ನಾಯಿಯ ಮೈ ಸವರಿದರೆ ಭಯ ಹೆಚ್ಚುತ್ತದೆಂಬ ಮಾತಿಗೆ ಆಧಾರವಿಲ್ಲ. ಧಾರಾಳವಾಗಿ ಸವರಿ.

ಹೊರಡುವ ದಿನ ಆರು ಗಂಟೆ ಮುಂಚೆ ಊಟ ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಚಿಕ್ಕ ಮರಿಗೆ ಎರಡು ಮೂರು ಗಂಟೆಯ ಬಿಡುವು ಸಾಕು. ಟ್ರೇಲರಿನ ತಗಡಿನ ಮೇಲೆ ಕಾಲು ಜಾರುವುದೇ ಅರ್ಧ ಭಯಕ್ಕೆ ಕಾರಣ. ಭತ್ತದ ಹುಲ್ಲು ಹರಡಿ ಮೇಲೆ ಗೋಣಿ ಹಾಸಿ, ಅದು ದಿನಾ ಮಲಗುವ ಹಳೆಯ ಕಂಬಳಿಯಿದ್ದರೆ ಇನ್ನೂ ಲೇಸು. ಕೊರಳಿಗೆ ಹಗ್ಗ ಬಿಗಿದು ಟ್ರೇಲರಿಗೆ ಕಟ್ಟಿದರೆ ಹಾರಿದಾಗ ಉರುಳಾಗುತ್ತದೆ. ಎದೆಗೆ ಬರುವ ಪಟ್ಟಿ ಕಟ್ಟಿ, ಜೊತೆಗೊಬ್ಬರು ಕೂತಿರಬೇಕು. ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಕೂಡ್ರಿಸುವುದಂತೂ ಬೇಡವೇ ಬೇಡ.

ಬಾಯಿಗೆ ಹಗ್ಗ ಬಿಗಿಯುವ ರೂಢಿ ಅತಿ ಕೆಟ್ಟದ್ದು. ನಾಯಿಗೆ ನಮ್ಮಂತೆ ಮೈತುಂಬ ಬೆವರುವುದಿಲ್ಲ. ಬಾಯಿ ತೆರೆದು ತೇಗಿಯೇ ಮೈಯ ಕಾವು ಕಳೆಯಬೇಕು. ಅದರ ಸಹಜ ಕಾವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಪ್ರಾಣಕ್ಕೆ ಕುತ್ತು. ಕಚ್ಚುವ ಭಯವಿದ್ದರೆ ಬಾಯಿ ತೆರೆಯಲು ಎಡೆಯಿರುವ ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ದಾವಣಗೆರೆಯ ಬೇಸಿಗೆಯಲ್ಲಿ "ಬೀಜದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ" ನಾಯಿ ಸಾಯಬಹುದು. ಬೆಳಗಿನ ಎಂಟರೊಳಗೆ ಹೊರಟರೆ ಒಳ್ಳೆಯದು.

ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆಯಿಂದ ಮರಿ ತರುವ ಹವ್ಯಾಸ ಈ ಭಾಗದಲ್ಲೂ ಇದೆ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ತಳಿಯ ಮರಿಗಳು 2016ರಲ್ಲಿ ಸೇನೆಯ ತರಬೇತಿಗೆಂದು ದೂರದ ಮೀರತ್‌ಗೇ ಹೋದವು. ಅಷ್ಟು ದೂರ ಹೋಗಬಲ್ಲ ಮರಿಯನ್ನು ಗೋಣಿಚೀಲದಲ್ಲಿ ಕಟ್ಟಿ ತಂದು ಮೊದಲ ದಿನವೇ ಕೆಡಿಸಬಾರದು. ಗಾಳಿಯಾಡುವ ಬುಟ್ಟಿ, ತಾಯಿಯ ವಾಸನೆಯಿರುವ ಒಂದು ಬಟ್ಟೆ, ಎರಡು ಗಂಟೆಗೊಮ್ಮೆ ನಿಲುಗಡೆ ಇರಲಿ. ಇಳಿಸುವ ಮುನ್ನ ಹಗ್ಗ ಕೈಯಲ್ಲಿದೆಯೆ ನೋಡಿಕೊಳ್ಳಿ. ಹೆದ್ದಾರಿಯ ಪಕ್ಕ ತಪ್ಪಿಸಿಕೊಂಡದ್ದು ಸಿಗುವುದು ಕಷ್ಟ.

ಔಷಧದ ಅಂಗಡಿಯಲ್ಲಿ ಮನುಷ್ಯರ ನಿದ್ದೆಗುಳಿಗೆ ಕೇಳಿ ತಂದು ನುಂಗಿಸುವವರಿದ್ದಾರೆ. ಇದು ಸಲ್ಲದು. ಕೆಲವು ಮತ್ತಿನ ಔಷಧಗಳಿಂದ ಮೈ ಸುಮ್ಮನಾಗುತ್ತದೆ, ಒಳಗಿನ ಭಯ ಹಾಗೇ ಉಳಿಯುತ್ತದೆ. ಮುಧೋಳದಂಥ ತೆಳುಮೈಯ ಬೇಟೆನಾಯಿಗಳು ಕೆಲವು ಅರಿವಳಿಕೆಗಳಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತವೆ. ವಾಂತಿ ತಡೆಯಲು ನಾಯಿಗೆಂದೇ ಇರುವ ಔಷಧವಿದೆ. ಪಶುವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ.

ಎಷ್ಟು ಮಾಡಿದರೂ ಗಾಡಿಗೆ ಒಗ್ಗದ ನಾಯಿ ಅಲ್ಲೊಂದು ಇಲ್ಲೊಂದು ಇರುತ್ತದೆ. ಅಂಥದಕ್ಕೆ ಪಶುವೈದ್ಯರನ್ನೇ ಮನೆಗೆ ಕರೆಸಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಲಸಿಕೆ ಶಿಬಿರಗಳು ನಡೆಯುವುದುಂಟು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡು, ನಡೆಸಿಕೊಂಡೇ ಹೋಗುವಷ್ಟು ದೂರದಲ್ಲಿ ಶಿಬಿರವಿದ್ದರೆ ನಸುಕಿನಲ್ಲೇ, ಸಾಲು ಬೆಳೆಯುವ ಮೊದಲೇ ಹೋಗಿ ಹಾಕಿಸಿಕೊಂಡು ಬನ್ನಿ.