ನೀಲಗುಂದದಿಂದ ಒಂದು ವೀಸಾ ಅರ್ಜಿ



ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯವರಿಗೆ ದುಡಿಮೆಗಾಗಿ ಊರು ಬಿಡುವುದು ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಂದ, ಹಳ್ಳಿಗಳಿಂದ ಮಕ್ಕಳುಮರಿ ಕಟ್ಟಿಕೊಂಡು ಮಂಡ್ಯದ ಕಬ್ಬಿನ ಗದ್ದೆಗೆ, ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರ ಮನೆ ಪ್ರತಿ ಊರಿನಲ್ಲೂ ಇದೆ. ಆ ಪ್ರಯಾಣಕ್ಕೆ ಯಾರೂ ಕಾಗದ ಕೇಳುತ್ತಿರಲಿಲ್ಲ. ಮೇಸ್ತ್ರಿಯ ಮಾತು, ಕೈಗೆ ಬಂದ ಮುಂಗಡ, ಅಷ್ಟೇ. ಇಂದು ಅದೇ ಊರುಗಳ ಕೆಲವು ಮಕ್ಕಳು ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊರದೇಶದವರಿಗೆ ವೆಬ್‌ಸೈಟ್ ಕಟ್ಟಿಕೊಡುತ್ತಾರೆ, ಚಿತ್ರ ಬಿಡಿಸಿಕೊಡುತ್ತಾರೆ, ವಿಡಿಯೊ ಎಡಿಟ್ ಮಾಡುತ್ತಾರೆ. ಇವರು ಯಾವ ಕಂಪನಿಯ ನೌಕರರೂ ಅಲ್ಲ. ಫ್ರೀಲ್ಯಾನ್ಸ್ ಎಂದು ಕರೆಯುವ ಬಿಡಿ ಕೆಲಸದವರು. ಇದೇ ಕೆಲಸವನ್ನು ಒಂದು ವರ್ಷ ಪೋರ್ಚುಗಲ್‌ನಲ್ಲೋ ಮಲೇಷ್ಯಾದಲ್ಲೋ ಕೂತು ಮಾಡಲು ಇವರಿಗೆ ದಾರಿ ಇದೆಯೇ? ಇದೆ. ಆ ದಾರಿಯಲ್ಲಿ ನಮ್ಮ ಭಾಗದವರು ಎಲ್ಲಿ ಎಡವುತ್ತಾರೆ ಎಂಬುದನ್ನು ಇಂದು ವಿವರವಾಗಿ ಹೇಳಬೇಕೆಂದಿದ್ದೇನೆ.

ಮೊದಲು ವೀಸಾದ ಬಗ್ಗೆ. ಪ್ರವಾಸಿ ವೀಸಾ ತಿರುಗಾಡಲಿಕ್ಕೆ, ಉದ್ಯೋಗ ವೀಸಾ ಆ ದೇಶದ ಕಂಪನಿಯಲ್ಲಿ ದುಡಿಯಲಿಕ್ಕೆ. ಅಲ್ಲಿ ವಾಸ, ಸಂಪಾದನೆ ಮಾತ್ರ ಬೇರೆ ದೇಶದಿಂದ ಎನ್ನುವವರಿಗೆ ಈ ಎರಡೂ ಹೊಂದುತ್ತಿರಲಿಲ್ಲ. ಕೋವಿಡ್ ಕಾಲದಲ್ಲಿ ಕೆಲಸ ಕಚೇರಿಯಿಂದ ಮನೆಗೆ ಬಂದಾಗ, 2020ರ ಆಗಸ್ಟ್‌ನಲ್ಲಿ ಎಸ್ಟೋನಿಯಾ ಇಂಥವರಿಗೆಂದೇ ಒಂದು ವೀಸಾ ತೆರೆಯಿತು. ಆಮೇಲೆ ದುಬೈ, ಕ್ರೊಯೇಷಿಯಾ ಬಂದವು. 2022ರಲ್ಲಿ ಪೋರ್ಚುಗಲ್, ಮಲೇಷ್ಯಾ ಬಂದವು. ಅದೇ ವರ್ಷದ ಕೊನೆಗೆ ಸ್ಪೇನ್ ಕಾನೂನು ಮಾಡಿತು. 2024ರ ಜುಲೈಯಲ್ಲಿ ಥಾಯ್ಲೆಂಡ್ ಬಂತು. ಜನ ಇದನ್ನು ಡಿಜಿಟಲ್ ನೊಮ್ಯಾಡ್ ವೀಸಾ ಎನ್ನುತ್ತಾರೆ.

ದೇಶ ಆರಿಸುವಾಗ ಮೊದಲು ನೋಡಬೇಕಾದದ್ದು ಭಾರತದ ಪಾಸ್‌ಪೋರ್ಟಿಗೆ ಆ ಬಾಗಿಲು ತೆರೆದಿದೆಯೇ ಎಂಬುದನ್ನು. ಜಪಾನ್ 2024ರ ಮಾರ್ಚ್ ಕೊನೆಗೆ ಆರು ತಿಂಗಳ ಇಂಥ ವೀಸಾ ತಂದಾಗ ಇಲ್ಲಿನ ಎಷ್ಟೋ ಮಂದಿ ಆಸೆಪಟ್ಟರು. ವರ್ಷಕ್ಕೆ ಒಂದು ಕೋಟಿ ಯೆನ್ ಆದಾಯ ಇರಬೇಕೆಂಬ ಷರತ್ತು ಒಂದು ಕಡೆ ಇರಲಿ, ಅರ್ಹ ದೇಶಗಳ ಪಟ್ಟಿಯಲ್ಲಿ ಭಾರತದ ಹೆಸರೇ ಇರಲಿಲ್ಲ. ಎರಡನೆಯದು ಆದಾಯ. ಪೋರ್ಚುಗಲ್ ತನ್ನ ಕನಿಷ್ಠ ವೇತನದ ನಾಲ್ಕು ಪಟ್ಟು ಕೇಳುತ್ತದೆ. 2025ರ ಲೆಕ್ಕದಲ್ಲಿ ಅದು ತಿಂಗಳಿಗೆ 3,480 ಯೂರೊ, ಅಂದರೆ ಮೂರು ಲಕ್ಷ ರೂಪಾಯಿಗೂ ಮೇಲೆ. ಸ್ಪೇನ್ ಕೇಳುವುದು ಅಲ್ಲಿನ ಕನಿಷ್ಠ ವೇತನದ ಎರಡು ಪಟ್ಟು. ಮಲೇಷ್ಯಾ ತಂತ್ರಜ್ಞಾನದ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಎಂದಿದೆ. ಥಾಯ್ಲೆಂಡ್ ತಿಂಗಳ ಆದಾಯದ ಗೆರೆ ಎಳೆದಿಲ್ಲ. ಬ್ಯಾಂಕಿನಲ್ಲಿ ಐದು ಲಕ್ಷ ಬಾತ್ ಇರಬೇಕು, ನಮ್ಮ ಲೆಕ್ಕದಲ್ಲಿ 13–14 ಲಕ್ಷ ರೂಪಾಯಿ. ಆ ವೀಸಾ ಐದು ವರ್ಷ ನಡೆಯುತ್ತದೆ, ಒಮ್ಮೆ ಹೋದರೆ 180 ದಿನ ಇರಬಹುದು. ಈ ಅಂಕಿಗಳು ಬದಲಾಗುತ್ತಿರುತ್ತವೆ, ಹಾಗಾಗಿ ಅರ್ಜಿ ಹಾಕುವ ವಾರ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ಓದಿಕೊಳ್ಳಬೇಕು.

ಇಷ್ಟು ಸಂಪಾದನೆ ಇದ್ದವರ ಅರ್ಜಿಯೂ ಬೀಳುತ್ತದೆ. ಏಕೆಂದರೆ ಕಂಪನಿಯ ನೌಕರರ ಬಗ್ಗೆ ಕಂಪನಿಯೇ ಪತ್ರ ಕೊಡುತ್ತದೆ: ಇವರು ನಮ್ಮವರು, ಸಂಬಳ ಇಷ್ಟು, ಇಷ್ಟು ವರ್ಷದಿಂದ ಇದ್ದಾರೆ ಎಂದು. ಬಿಡಿ ಕೆಲಸದವರ ಪರವಾಗಿ ಹಾಗೆ ಮಾತಾಡುವವರು ಯಾರೂ ಇಲ್ಲ. ಅವರ ಕಾಗದಗಳೇ ಮಾತಾಡಬೇಕು, ಎಲ್ಲವೂ ಒಂದೇ ಮಾತು ಹೇಳಬೇಕು. ನಮ್ಮ ಐದು ತಾಲ್ಲೂಕುಗಳಲ್ಲಿ ಅದು ಎಷ್ಟು ಕಷ್ಟ ಎಂಬುದು ಬೆಂಗಳೂರಿನವರಿಗೆ ಅಷ್ಟಾಗಿ ತಿಳಿಯದು.

ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯ ಇರುವ, ಹರಪನಹಳ್ಳಿ ತಾಲ್ಲೂಕಿನ ನೀಲಗುಂದವನ್ನೇ ತೆಗೆದುಕೊಳ್ಳಿ. ಆ ಊರಿನ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ, ಹೆಸರು ಅನ್ನಪೂರ್ಣ ಎಂದಿರಲಿ. 1996ರಲ್ಲಿ ಊರಿನಲ್ಲೇ ಹುಟ್ಟಿದಳು. ಆಗ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, ಜನನ ಪತ್ರದಲ್ಲಿ ಬಳ್ಳಾರಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು, ತಾಲ್ಲೂಕು ಅಲ್ಲಿಗೆ ಸೇರಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡರಲ್ಲೂ ದಾವಣಗೆರೆ. ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯಕ್ಕಾಗಿ ಜನ ಹೋರಾಡಿ 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಬಂತು. 2019ರಲ್ಲಿ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಬಳ್ಳಾರಿ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು. ಈಗಿನ ವಾಸಸ್ಥಳ ಪತ್ರದಲ್ಲಿ ವಿಜಯನಗರ. ಅವಳ ಅಜ್ಜನ ಕಾಗದವೇನಾದರೂ ಬೇಕಾಗಿ ಬಂದರೆ, 1953ಕ್ಕಿಂತ ಹಿಂದಿನದಾದರೆ, ಅದರಲ್ಲಿ ಮದ್ರಾಸ್ ಎಂದಿರುತ್ತದೆ. ಕೊಟ್ಟೂರಿನವರಿಗೆ ತಾಲ್ಲೂಕಿನದೂ ಇದೇ ಕಥೆ, ಹಳೆಯ ಕಾಗದದಲ್ಲಿ ಕೂಡ್ಲಿಗಿ ತಾಲ್ಲೂಕು. ಹುಡುಗಿ ಮನೆ ಬಿಟ್ಟು ಕದಲಿಲ್ಲ, ಜಿಲ್ಲೆ ಮೂರು ಸಲ ಹೆಸರು ಬದಲಿಸಿತು. ಲಿಸ್ಬನ್ನಿನಲ್ಲಿ ಕೂತ ಅಧಿಕಾರಿಗೆ ಇದು ಹೇಗೆ ತಿಳಿಯಬೇಕು? ಅವರಿಗೆ ಕಾಣುವುದು ಮೂರು ಬೇರೆ ಬೇರೆ ವಿಳಾಸ.

ಇದಕ್ಕೆ ಪರಿಹಾರ ಸುಲಭ, ಆದರೆ ಮಾಡುವವರು ಕಡಿಮೆ. ಅರ್ಜಿಯ ಜೊತೆ ಕೊಡುವ ಪತ್ರದಲ್ಲಿ ಒಂದು ಪ್ಯಾರಾ ಈ ವಿಷಯಕ್ಕೇ ಮೀಸಲಿಡಿ: ಊರು ಒಂದೇ, ಜಿಲ್ಲೆಯ ಗಡಿ ಸರ್ಕಾರದ ಆದೇಶದಿಂದ ಇಂಥಿಂಥ ವರ್ಷ ಬದಲಾಯಿತು ಎಂದು. ಸರ್ಕಾರದ ಅಧಿಸೂಚನೆಯ ಪ್ರತಿ, ಅದರ ಇಂಗ್ಲಿಷ್ ಅನುವಾದ ಲಗತ್ತಿಸಿ. ಆಧಾರ್, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್ ಮೂರರಲ್ಲೂ ಈಗಿನ ವಿಳಾಸ ಒಂದೇ ಇರುವಂತೆ ಮೊದಲೇ ತಿದ್ದಿಸಿಕೊಳ್ಳಿ.

ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ಶಾಲೆಯಲ್ಲಿ ಎನ್. ಅನ್ನಪೂರ್ಣ, ‘ಎನ್’ ಅಂದರೆ ನೀಲಗುಂದ. ಆಧಾರ್‌ನಲ್ಲಿ ಬರಿಯ ಅನ್ನಪೂರ್ಣ. ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಸೇರಿ ಅನ್ನಪೂರ್ಣ ಕೊಟ್ರಪ್ಪ. ಇಂಗ್ಲಿಷ್ ಕಾಗುಣಿತವಂತೂ ಕಚೇರಿಗೊಂದು. ‘ಪೂ’ ಎಂಬ ಅಕ್ಷರಕ್ಕೆ ಒಂದು ಕಡೆ ಎರಡು ‘ಒ’, ಇನ್ನೊಂದು ಕಡೆ ‘ಯು’. ಪಾಸ್‌ಪೋರ್ಟಿನಲ್ಲಿ ಕೊಟ್ಟ ಹೆಸರು, ಮನೆತನದ ಹೆಸರು ಎಂದು ಎರಡು ಕಲಂ ಇರುತ್ತವೆ. ನಮ್ಮಲ್ಲಿ ಅನೇಕರು ಎರಡನೆಯದನ್ನು ಖಾಲಿ ಬಿಡುತ್ತಾರೆ. 2022ರ ನವೆಂಬರ್‌ನಲ್ಲಿ ಯುಎಇ, ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದ ಪ್ರವೇಶವಿಲ್ಲ ಎಂದಾಗ ಇದರ ಬಿಸಿ ತಟ್ಟಿತು. ಪಾಸ್‌ಪೋರ್ಟ್ ಹೊಸದಾಗಿ ಮಾಡಿಸುವವರು, ನವೀಕರಿಸುವವರು ಎರಡೂ ಕಲಂ ತುಂಬಿಸಿ. ಹಳೆಯ ಕಾಗದಗಳಲ್ಲಿ ವ್ಯತ್ಯಾಸ ಉಳಿದರೆ, ಎಲ್ಲ ಹೆಸರೂ ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಗುಳೆ ಹೋದ ಕುಟುಂಬಗಳ ಮಕ್ಕಳ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು, ಇದು ನನ್ನನ್ನು ಬಹಳ ಕಾಡುವ ವಿಷಯ. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ. ಕಬ್ಬಿನ ಗದ್ದೆಯ ಗುಡಿಸಲಿನಲ್ಲೋ ತೋಟದ ಲೈನ್‌ಮನೆಯಲ್ಲೋ ಹುಟ್ಟಿದ ಮಗುವಿನ ಹೆಸರು ಎಷ್ಟೋ ಸಲ ಅಲ್ಲಿಯ ದಫ್ತರಿನಲ್ಲೂ ಇಲ್ಲ, ಊರಿನ ದಫ್ತರಿನಲ್ಲೂ ಇಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಖೇ ಜನ್ಮದಿನ. ಆ ಮಗು ಇಂದು ಪದವಿ ಪಡೆದು ಚೆನ್ನಾಗಿ ದುಡಿಯುತ್ತಿರಬಹುದು. ಪಾಸ್‌ಪೋರ್ಟಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕು. ಆದರೆ ಹೊರದೇಶದಲ್ಲಿ ದೀರ್ಘ ವಾಸಕ್ಕೆ, ಅದರಲ್ಲೂ ಸಂಸಾರ ಕರೆದುಕೊಂಡು ಹೋಗುವಾಗ, ಜನನ ಪತ್ರವನ್ನೇ ಕೇಳುವುದುಂಟು. ಒಂದು ವರ್ಷ ದಾಟಿದ ಜನನವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಇಂಥವರು ದೇಶ ಯಾವುದೆಂದು ಗೊತ್ತುಮಾಡುವ ಮುಂಚೆಯೇ ಈ ಕೆಲಸಕ್ಕೆ ಕೈಹಾಕಲಿ. ಮದುವೆಯೂ ಹಾಗೆಯೇ. ಮಠದಲ್ಲಿ ಸಾಮೂಹಿಕ ವಿವಾಹವಾದವರು, ಮನೆ ಮುಂದೆ ಹಂದರ ಹಾಕಿ ಮದುವೆಯಾದವರು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿರುವುದು ಅಪರೂಪ. ಲಗ್ನಪತ್ರಿಕೆಯನ್ನು ರಾಯಭಾರ ಕಚೇರಿ ಒಪ್ಪುವುದಿಲ್ಲ.

ಇನ್ನು ಹಣದ ಸಾಕ್ಷಿ. ಪ್ರವಾಸಿ ವೀಸಾಕ್ಕೆ ಪಹಣಿ, ಮನೆಯ ಕಾಗದ ಇಟ್ಟರೆ ಊರಿಗೆ ಮರಳುತ್ತಾರೆ ಎಂಬ ನಂಬಿಕೆ ಬರುತ್ತದೆ ನಿಜ. ಆದರೆ ಈ ವೀಸಾದಲ್ಲಿ ಅಪ್ಪನ ಹೆಸರಿನ ಎಂಟು ಎಕರೆ ಮೆಕ್ಕೆಜೋಳದ ಹೊಲಕ್ಕೆ ಹೆಚ್ಚು ಬೆಲೆ ಇಲ್ಲ. ಅವರು ನೋಡುವುದು ನಿಮ್ಮ ದುಡಿಮೆಯ ಸರಪಳಿಯನ್ನು. ಕ್ಲೈಂಟ್ ಜೊತೆ ಕರಾರು, ಅದರ ಪ್ರಕಾರ ನೀವು ಕಳಿಸಿದ ಬಿಲ್ಲು, ಆ ಬಿಲ್ಲಿನ ಹಣ ನಿಮ್ಮದೇ ಖಾತೆಗೆ ಬಂದದ್ದು, ಅದನ್ನು ನೀವು ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ್ದು. ಬೆಂಗಳೂರಿನ ಗೆಳೆಯನ ಖಾತೆಗೆ ಡಾಲರ್ ತರಿಸಿಕೊಂಡು, ಅವನಿಂದ ಫೋನ್‌ಪೇ ಮಾಡಿಸಿಕೊಳ್ಳುವ ಅಭ್ಯಾಸ ನಮ್ಮ ಹುಡುಗರಲ್ಲಿ ಇದೆ. ಆ ಹಣ ಎಷ್ಟೇ ನ್ಯಾಯದ್ದಾದರೂ ವೀಸಾ ಅಧಿಕಾರಿಯ ಕಣ್ಣಿಗೆ ಅದು ನಿಮ್ಮ ಸಂಪಾದನೆಯಾಗಿ ಕಾಣುವುದಿಲ್ಲ. ಹಣ ನೇರ ನಿಮ್ಮ ಹೆಸರಿಗೇ ಬರಲಿ, ವಿದೇಶದಿಂದ ಹಣ ಬಂದುದಕ್ಕೆ ಬ್ಯಾಂಕ್ ಕೊಡುವ ಪತ್ರವನ್ನು ಪ್ರತಿ ಸಲ ತೆಗೆದಿಟ್ಟುಕೊಳ್ಳಿ. ಅರ್ಜಿಯ ಹಿಂದಿನ ವಾರ ಸಂಬಂಧಿಕರಿಂದ ಸಾಲ ತಂದು ಖಾತೆ ತುಂಬಿಸುವುದನ್ನಂತೂ ಮಾಡಲೇಬೇಡಿ. ಕೆಲವು ತಿಂಗಳ ಬ್ಯಾಂಕ್ ವಹಿವಾಟಿನ ಪಟ್ಟಿ ಕೇಳುವುದೇ ಇದನ್ನು ಹಿಡಿಯಲಿಕ್ಕೆ.

ತೆರಿಗೆಯಲ್ಲಿ ಒಂದು ಸೂಕ್ಷ್ಮ ಇದೆ. ಲೆಕ್ಕಿಗರು 44ಎಡಿಎ ಎಂದು ಕರೆಯುವ ಸೌಲಭ್ಯದಲ್ಲಿ, ಕಾನೂನು ಹೆಸರಿಸಿದ ವೃತ್ತಿಗಳವರು ಪುಸ್ತಕ ಬರೆಯುವ ತಾಪತ್ರಯವಿಲ್ಲದೆ ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸಬಹುದು. 24 ಲಕ್ಷ ಬಂದರೆ 12 ಲಕ್ಷಕ್ಕೆ ತೆರಿಗೆ. ತೆರಿಗೆ ಉಳಿಯುತ್ತದೆ, ಅದರಲ್ಲಿ ತಪ್ಪೂ ಇಲ್ಲ. ಆದರೆ ವೀಸಾ ಅರ್ಜಿಯಲ್ಲಿ ತಿಂಗಳಿಗೆ ಎರಡು ಲಕ್ಷ ಎಂದು ಬರೆದು, ಜೊತೆಗೆ ವರ್ಷಕ್ಕೆ 12 ಲಕ್ಷದ ರಿಟರ್ನ್ ಇಟ್ಟರೆ ಓದುವವರಿಗೆ ಅನುಮಾನ ಬರದೆ ಇರುತ್ತದೆಯೇ? ಒಟ್ಟು ಗಳಿಕೆ ಎಷ್ಟು, ಘೋಷಿಸಿದ ಆದಾಯ ಎಷ್ಟು, ಯಾವ ನಿಯಮದಡಿ ಎಂದು ಲೆಕ್ಕ ಪರಿಶೋಧಕರಿಂದ ಒಂದು ಪತ್ರ ಬರೆಸಿ. ಅರ್ಧಕ್ಕಿಂತ ಹೆಚ್ಚು ಲಾಭ ನಿಜವಾಗಿ ಉಳಿದಿದ್ದರೆ ಅದನ್ನೇ ತೋರಿಸಲು ಕಾನೂನಿನ ಅಡ್ಡಿಯಿಲ್ಲ. ಮುಂದಿನ ವರ್ಷ ಹೊರಡುವ ಮನಸ್ಸಿರುವವರು ಈ ವರ್ಷದ ರಿಟರ್ನ್ ತುಂಬುವಾಗಲೇ ಇದನ್ನು ಯೋಚಿಸಬೇಕು.

ಸ್ಪೇನಿನ ಕೆಲವು ಷರತ್ತುಗಳನ್ನು ಹೇಳಿದರೆ ತಯಾರಿ ಎಷ್ಟು ಮುಂಚೆ ಆಗಬೇಕೆಂದು ಗೊತ್ತಾಗುತ್ತದೆ. ಕ್ಲೈಂಟ್ ಕಂಪನಿ ಕನಿಷ್ಠ ಒಂದು ವರ್ಷದಿಂದ ನಡೆಯುತ್ತಿರಬೇಕು, ಅದರ ಜೊತೆ ನಿಮ್ಮ ಕೆಲಸದ ಸಂಬಂಧಕ್ಕೆ ಮೂರು ತಿಂಗಳಾದರೂ ಆಗಿರಬೇಕು. ನಿಮಗೆ ಪದವಿ ಇರಬೇಕು, ಇಲ್ಲದಿದ್ದರೆ ಮೂರು ವರ್ಷದ ಅನುಭವ. ಸ್ಪೇನಿನ ಕಂಪನಿಗಳಿಗೆ ನೀವು ಮಾಡುವ ಕೆಲಸ ಒಟ್ಟು ಕೆಲಸದ ಶೇ. 20 ದಾಟಬಾರದು. ಕೈಗೆ ಸಿಕ್ಕ ಚೂರುಪಾರು ಕೆಲಸ ಮಾಡುತ್ತಾ ಕರಾರೇ ಇಲ್ಲದವರಿಗೆ ಇಲ್ಲಿ ದಾರಿಯಿಲ್ಲ. ಇಬ್ಬರು ಮೂವರು ಖಾಯಂ ಕ್ಲೈಂಟ್‌ಗಳಿಂದ ಸಹಿ ಇರುವ ಕರಾರು ಮಾಡಿಸಿಕೊಳ್ಳಿ, ಅದರಲ್ಲಿ ಕೆಲಸವನ್ನು ಎಲ್ಲಿಂದಲಾದರೂ ಮಾಡಬಹುದು ಎಂಬ ಮಾತು ಇರಲಿ.

ಪೊಲೀಸ್ ಪರಿಶೀಲನಾ ಪತ್ರವನ್ನು ಹೊರದೇಶಕ್ಕೆಂದರೆ ಪಾಸ್‌ಪೋರ್ಟ್ ಇಲಾಖೆಯಿಂದಲೇ ತರಬೇಕು, ಶುಲ್ಕ 500 ರೂಪಾಯಿ. ಪಾಸ್‌ಪೋರ್ಟ್ ಕೆಲಸಕ್ಕೆ ಈಗ ದೊಡ್ಡ ನಗರಗಳಿಗೇ ಓಡಬೇಕಿಲ್ಲ. 2017ರ ಜನವರಿಯಲ್ಲಿ ಮೈಸೂರಿನಲ್ಲಿ ಶುರುವಾದ ಅಂಚೆ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಜಿಲ್ಲೆಗಳಿಗೂ ಬಂದಿವೆ. ಯುರೋಪಿನ ಹಲವು ದೇಶಗಳು ಕಾಗದಗಳ ಮೇಲೆ ಅಪೊಸ್ಟಿಲ್ ಮುದ್ರೆ ಕೇಳುತ್ತವೆ. ಈ ಮುದ್ರೆಗೆ ಸಂಬಂಧಿಸಿದ ಹೇಗ್ ಒಪ್ಪಂದ 2005ರಿಂದ ಭಾರತದಲ್ಲೂ ಜಾರಿಯಲ್ಲಿದೆ. ಜನನ ಪತ್ರ, ಪದವಿ ಪತ್ರಗಳಿಗೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಸಚಿವಾಲಯದ ಶುಲ್ಕ ಕಾಗದಕ್ಕೆ 50 ರೂಪಾಯಿ, ಸಂಗ್ರಹಿಸುವ ಸಂಸ್ಥೆಯ ಚಾರ್ಜು ಬೇರೆ. ಇದೇ ಕೆಲಸಕ್ಕೆ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿದ್ದಾರೆ, ವೀಸಾ ಗ್ಯಾರಂಟಿ ಎನ್ನುವವರೂ ಇದ್ದಾರೆ. ವೀಸಾ ಕೊಡುವ ಅಧಿಕಾರ ಆ ದೇಶದ ಸರ್ಕಾರಕ್ಕೆ ಮಾತ್ರ ಇರುವಾಗ ಹೊಸಪೇಟೆಯಲ್ಲೋ ದಾವಣಗೆರೆಯಲ್ಲೋ ಕೂತವರು ಗ್ಯಾರಂಟಿ ಕೊಡುವುದು ಹೇಗೆ? ಹೊಲ ಅಡವಿಟ್ಟು ಅವರಿಗೆ ಹಣ ಕಟ್ಟಬೇಡಿ ಎಂದು ಹೆತ್ತವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಹೋದ ಮೇಲಿನ ತೆರಿಗೆಯ ಲೆಕ್ಕವನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದರೆ ನೀವು ಇಲ್ಲಿನ ನಿವಾಸಿ, ಜಗತ್ತಿನ ಎಲ್ಲಿಯ ಗಳಿಕೆಯಾದರೂ ಇಲ್ಲಿ ತೋರಿಸಬೇಕು. ಅಲ್ಲಿ ಆರು ತಿಂಗಳು ದಾಟಿದರೆ ಆ ದೇಶವೂ ತೆರಿಗೆ ಕೇಳಬಹುದು. ಪೋರ್ಚುಗಲ್, ಸ್ಪೇನ್, ಮಲೇಷ್ಯಾ, ಥಾಯ್ಲೆಂಡ್ ನಾಲ್ಕರ ಜೊತೆಗೂ ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಭಾರತದ ಒಪ್ಪಂದವಿದೆ, ಆದರೆ ಅದರ ಪ್ರಯೋಜನ ಅರ್ಜಿ ಹಾಕಿ ಕೇಳಿದವರಿಗೆ ಮಾತ್ರ ಸಿಗುತ್ತದೆ.

ಅರ್ಜಿ ತಿರಸ್ಕೃತವಾದರೆ ಎದೆಗುಂದದೆ ಕಾರಣದ ಪತ್ರವನ್ನು ಪೂರ್ತಿ ಓದಿ. ಬಹಳ ಸಲ ಅದರಲ್ಲಿ ಇರುವುದು ಕಾಗದ ಸಾಲದು, ಆದಾಯ ಖಚಿತವಾಗಿಲ್ಲ ಎಂಬಂಥ ಮಾತು. ಅದನ್ನು ಸರಿಪಡಿಸಿ ಮತ್ತೆ ಹಾಕಬಹುದು. ಮುಂದಿನ ಫಾರಂನಲ್ಲಿ, ಬೇರೆ ದೇಶದ್ದಾದರೂ ಸರಿ, ಹಿಂದೆ ವೀಸಾ ನಿರಾಕರಣೆ ಆಗಿದೆಯೇ ಎಂದು ಕೇಳಿದರೆ ಹೌದು ಎಂದೇ ಬರೆಯಿರಿ, ಕಾರಣವನ್ನೂ ಬರೆಯಿರಿ, ಹಳೆಯ ಪತ್ರದ ಪ್ರತಿಯನ್ನು ಜೊತೆಗಿಡಿ.