ಮೋಡ, ಮುನ್ಸೂಚನೆ ಮತ್ತು ನಮ್ಮ ದನಕರುಗಳು

(ಹುನಗುಂದದಲ್ಲಿ ಜರುಗಿದ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೆ ಮೋಡದ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಸಿಡಿಲಿಗೆ ಸತ್ತ ಎಮ್ಮೆಯ ಮರಣೋತ್ತರ ಪರೀಕ್ಷೆಗೆ ಬರುವವರು ನಾವೇ. ಆ ಕೆಲಸ ಕಡಿಮೆಯಾಗಲಿ ಎಂದೇ ಈ ಮಾತು.

ಮೊದಲು ಮೋಡ ಹೇಗೆ ಆಗುತ್ತದೆ ನೋಡೋಣ. ಶೀತಲೀಕರಣ ಕೇಂದ್ರದಲ್ಲಿ ತಣ್ಣನೆಯ ಹಾಲು ತುಂಬಿದ ಕ್ಯಾನಿನ ಹೊರಮೈಗೆ ನೀರಿನ ಹನಿ ಕಟ್ಟುವುದನ್ನು ತಾವೆಲ್ಲ ನೋಡಿದ್ದೀರಿ. ಆ ನೀರು ಕ್ಯಾನಿನಿಂದ ಸೋರಿದ್ದಲ್ಲ, ಗಾಳಿಯಲ್ಲಿದ್ದ ತೇವವೇ ತಂಪಿಗೆ ಹನಿಯಾಯಿತು. ಆಕಾಶದಲ್ಲಿಯೂ ಇದೇ ನಡೆಯುತ್ತದೆ. ಬಿಸಿಲಿಗೆ ಕಾದ ಗಾಳಿ ಮೇಲೇರುತ್ತದೆ. ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ತಣ್ಣಗಾಗುತ್ತದೆ. ಸಾಕಷ್ಟು ತಣ್ಣಗಾದಾಗ ಧೂಳಿನ ಕಣ, ಉಪ್ಪಿನ ಕಣಗಳ ಸುತ್ತ ತೇವ ಹನಿಗಟ್ಟುತ್ತದೆ. ಆದರೆ ಈ ಹನಿ ಬಹಳ ಸಣ್ಣದು. ಇಂಥ ಸುಮಾರು ಹತ್ತು ಲಕ್ಷ ಹನಿಗಳು ಕೂಡಿದರೆ ಒಂದು ಮಳೆಹನಿ. ಮೋಡವಿದ್ದ ಕಡೆಯೆಲ್ಲ ಮಳೆ ಬೀಳದಿರುವುದಕ್ಕೆ ಇದೇ ಕಾರಣ.

ಇಂಗ್ಲೆಂಡಿನ ಲ್ಯೂಕ್ ಹೋವರ್ಡ್ ಎಂಬುವರು 1802ರಲ್ಲಿ ಮೋಡಗಳಿಗೆ ಹೆಸರಿಟ್ಟು ವಿಂಗಡಿಸಿದರು. ಆ ಹೆಸರುಗಳು ನಮಗೆ ಬೇಡ, ಲಕ್ಷಣ ಸಾಕು. ಹಿಂಜಿದ ಅರಳೆಯಂತೆ ಬಹು ಎತ್ತರದಲ್ಲಿ ಕಾಣುವುದು ಮಂಜಿನ ಹರಳಿನ ಮೋಡ; ಅದರಿಂದ ನೆಲಕ್ಕೆ ಮಳೆ ಇಲ್ಲ. ಮಧ್ಯಾಹ್ನ ಬಿಡಿಬಿಡಿಯಾಗಿ ಏಳುವ ಬಿಳಿ ಗುಡ್ಡೆಗಳು ಸಂಜೆಗೆ ಕರಗಿದರೆ ಚಿಂತೆಯಿಲ್ಲ. ಕರಗದೆ ಹೂಕೋಸಿನಂತೆ ಮೇಲೆ ಮೇಲೆ ಬೆಳೆದು, ತುದಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾದರೆ ಅದು ಗುಡುಗಿನ ಮೋಡ. ಅದರ ಎತ್ತರ 12 ಕಿಲೋಮೀಟರ್ ದಾಟಬಹುದು. ಸಿಡಿಲು, ಆಲಿಕಲ್ಲು, ಬಿರುಗಾಳಿ ಎಲ್ಲವೂ ಅದರೊಳಗೇ ಇವೆ.

ಇನ್ನು ನಮ್ಮ ಭಾಗದ ಮೋಡ. ಜುಲೈ ತಿಂಗಳಲ್ಲಿ ಬಾಗಲಕೋಟೆಯ ಮೇಲೆ, ಬಾದಾಮಿಯ ಗುಡ್ಡಗಳ ಮೇಲೆ ಪಡುವಣದಿಂದ ಮೋಡಗಳು ಓಡುತ್ತಲೇ ಇರುತ್ತವೆ, ಗಾಳಿ ಬಲು ಜೋರು, ಮಳೆ ಮಾತ್ರ ಇಲ್ಲ. ಆ ಗಾಳಿ ತನ್ನ ತೇವವನ್ನು ಪಶ್ಚಿಮ ಘಟ್ಟದಲ್ಲಿ ಸುರಿದು, ಇತ್ತ ಇಳಿಯುತ್ತಾ ಬಿಸಿಯಾಗುತ್ತದೆ. ಉಳಿದ ಮೋಡ ತೆಳುವಾದದ್ದು. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ನಮಗೆ ಸರಾಸರಿ 600 ಮಿಲಿಮೀಟರ್ ಸಹ ಇಲ್ಲ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರಿನದು. ಹುನಗುಂದದ ಎರೆ ಭೂಮಿಯ ಬಿಳಿಜೋಳ ನಿಂತಿರುವುದೇ ಅದರ ಮೇಲೆ.

ಈ ಓಡುವ ಮೋಡದ ಕಾಲದಲ್ಲಿ ದನಗಳಿಗೆ ಒಂದು ಅಪಾಯವಿದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ ಸೈನೈಡ್ ವಿಷ ಹೆಚ್ಚುತ್ತದೆ. ಒಂದು ಮಳೆ ಬಿದ್ದು ಹೊಸ ಚಿಗುರೊಡೆದಾಗಲೂ ಅಷ್ಟೇ. ಹಸಿರಾಯಿತೆಂದು ಅವಸರದಿಂದ ದನ ಬಿಡಬೇಡಿ. ಮೇಯ್ದ ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು, ತೂರಾಡಿ ಬಿದ್ದರೆ ಮನೆಮದ್ದು ಮಾಡುತ್ತಾ ಕೂಡಬಾರದು. ಔಷಧಿ ಇದೆ, ಆದರೆ ತಕ್ಷಣ ಚುಚ್ಚಬೇಕು. ತೆನೆ ಬರುವವರೆಗೆ ತಡೆದರೆ ಭಯ ಬಹಳ ಕಡಿಮೆ.

ಏಪ್ರಿಲ್, ಮೇ ತಿಂಗಳ ಸಂಜೆಯ ಮಳೆ ಬೇರೆ ಜಾತಿಯದು. ತಂಪು ಗಾಳಿ ಒಮ್ಮೆಲೇ ಬೀಸಿ ಮಣ್ಣಿನ ವಾಸನೆ ಬಂದರೆ, ಮೋಡದಿಂದ ಮಳೆ ಇಳಿಯತೊಡಗಿದೆ ಎಂದರ್ಥ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿ. ಸಿಡಿಲು ಅಷ್ಟು ಕಿಲೋಮೀಟರ್ ದೂರ. 30ರೊಳಗೆ ಕೇಳಿದರೆ ಹೊಲದಲ್ಲಿ ನಿಲ್ಲಬಾರದು. ಬೇವಿನ ಮರದ ಕೆಳಗೆ ದನ ಕಟ್ಟುವುದು ನಮ್ಮ ರೂಢಿ. ಬಿಸಿಲಿಗೆ ಅದು ಒಳ್ಳೆಯದು, ಗುಡುಗಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಮರಕ್ಕೆ ಬಡಿದ ವಿದ್ಯುತ್ತು ನೆಲದಲ್ಲಿ ಹರಡುತ್ತದೆ. ದನದ ಮುಂಗಾಲು, ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವುದರಿಂದ ಅದು ದೇಹದ ಮೂಲಕವೇ ಹಾಯುತ್ತದೆ. ಒಂದೇ ಸಿಡಿಲಿಗೆ ನಾಲ್ಕೈದು ರಾಸು ಸಾಯುವುದು ಹೀಗೆ. ತಂತಿ ಬೇಲಿಗೂ ಕಟ್ಟಬೇಡಿ.

ಮುನ್ಸೂಚನೆಯ ಭಾಷೆಯನ್ನು ಸ್ವಲ್ಪ ತಿಳಿಯಬೇಕು. ‘ಅಲ್ಲಲ್ಲಿ ಮಳೆ’ ಎಂದರೆ ನಾಲ್ಕು ಕಡೆಯಲ್ಲಿ ಒಂದು ಕಡೆ ಬಿದ್ದರೂ ಮಾತು ಸರಿಯೇ. ಇಳಕಲ್ಲಿನಲ್ಲಿ ಬಿದ್ದು ಹುನಗುಂದದಲ್ಲಿ ಬೀಳದಿದ್ದರೆ ಇಲಾಖೆಯನ್ನು ಬೈಯುವುದು ನ್ಯಾಯವಲ್ಲ. ‘ಭಾರಿ ಮಳೆ’ ಎಂದರೆ 24 ಗಂಟೆಗಳಲ್ಲಿ 64.5 ಮಿಲಿಮೀಟರಿಗಿಂತ ಹೆಚ್ಚು. ಆ ಮಾತು ಕೇಳಿದ ದಿನವೇ ಕಣಿಕೆಯ ಬಣವೆ ಮುಚ್ಚಿ. ನೆನೆದು ಬೂಸು ಹಿಡಿದ ಕಣಿಕೆ ಹಾಲಿಗೂ ಕೆಡಕು, ಹೊಟ್ಟೆಗೂ ಕೆಡಕು.

ಹೊಳೆದಂಡೆಯವರಿಗೆ ನಮ್ಮ ತಲೆಯ ಮೇಲಿನ ಮೋಡ ನೋಡಿದರೆ ಸಾಲದು. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲು, ಐಹೊಳೆಗಳಿಗೆ ಮಲಪ್ರಭೆ ನುಗ್ಗಿತು. ಆ ನೀರು ಬಹುಪಾಲು ಬೆಳಗಾವಿ ಜಿಲ್ಲೆಯ ಘಟ್ಟದ ಸೆರಗಿನಲ್ಲಿ ಬಿದ್ದ ಮಳೆಯದು. ನವಿಲುತೀರ್ಥ ಜಲಾಶಯ ತುಂಬಿ ಇತ್ತ ಬಿಟ್ಟದ್ದು. ಖಾನಾಪುರದ ಕಡೆ ಭಾರಿ ಮಳೆಯೆಂದು ಕೇಳಿದರೆ ಜಲಾಶಯದ ಸುದ್ದಿಯನ್ನೂ ವಿಚಾರಿಸಿ. ಎತ್ತರದ ಜಾಗಕ್ಕೆ ಸಾಗಿಸಲಾಗದಿದ್ದರೆ ಕೊನೆಗೆ ದನಗಳ ಹಗ್ಗವನ್ನಾದರೂ ಬಿಚ್ಚಿ. ಬಿಚ್ಚಿದ ಎಮ್ಮೆ ಈಜುತ್ತದೆ, ಕಟ್ಟಿದ ಎಮ್ಮೆ ಮುಳುಗುತ್ತದೆ.

ಮೊಬೈಲ್ ಇರುವ ಮನೆಗಳಲ್ಲಿ ಮಕ್ಕಳಿಗೆ ಹೇಳಿ ‘ಮೇಘದೂತ್’ ಮತ್ತು ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಹಾಕಿಸಿಕೊಳ್ಳಿ. ಮೊಬೈಲ್ ಇಲ್ಲದವರ ಸಲುವಾಗಿ ಸಂಘದ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ: ಹಾಲಿನ ದರ ಬರೆಯುವ ಹಲಗೆಯ ಮೂಲೆಯಲ್ಲಿ ಅಂದಿನ ಮುನ್ಸೂಚನೆಯನ್ನು ಎರಡು ಸಾಲು ಬರೆಯಿರಿ. ಬೆಳಗಿನ ಹಾಲು ಹಾಕಲು ಎಲ್ಲರೂ ಅಲ್ಲಿಗೇ ಬರುತ್ತಾರೆ.