ಹೊಸ ವಿಂಡೋಸ್‌ನಲ್ಲಿ ಹಳೆಯ ನುಡಿ ಕಡತಗಳು



ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಪಂಚಾಯಿತಿ ಕಚೇರಿಗಳಲ್ಲಿಯೂ ವಿಂಡೋಸ್ 11 ಅಳವಡಿಸುವ ಪ್ರಶ್ನೆ ಸಭೆಯ ಮುಂದೆ ಬರುತ್ತದೆ. ಪಂಚತಂತ್ರ, ಇ-ಸ್ವತ್ತುಗಳ ದತ್ತಾಂಶವು ಕಚೇರಿಯ ಗಣಕಯಂತ್ರದಲ್ಲಿಲ್ಲ, ಅದಕ್ಕೆ ಧಕ್ಕೆಯಿಲ್ಲ.

ಕಳವಳವಿರುವುದು ನುಡಿ ಕಡತಗಳ ಬಗ್ಗೆ. ಕನ್ನಡ ಗಣಕ ಪರಿಷತ್ತಿನ ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚಾದ ಗ್ರಾಮಸಭೆಯ ನಡಾವಳಿಗಳು ಯೂನಿಕೋಡ್‌ನಲ್ಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ. ಕಡತ ಕೆಟ್ಟಿರುವುದಿಲ್ಲ, ಕೆಟ್ಟಿತೆಂದು ಅಳಿಸಿದರೆ ಮಾತ್ರ ನಿಜವಾಗಿಯೂ ಹೋಯಿತು.

ನುಡಿ ತಂತ್ರಾಂಶವೇ ತೆರೆಯದಿದ್ದಲ್ಲಿ ಅದರ ಪ್ರಾಪರ್ಟೀಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ವಿಭಾಗದಲ್ಲಿ ಹಳೆಯ ವಿಂಡೋಸ್ ಆಯ್ದು ನೋಡಬಹುದು. ಅದು ತಾತ್ಕಾಲಿಕ ಉಪಾಯ. ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಸರ್ವೆ ನಂಬರುಗಳನ್ನೂ ಸಹಿಯಾದ ನಡಾವಳಿ ಪುಸ್ತಕದೊಂದಿಗೆ ತಾಳೆ ನೋಡುವವರೆಗೆ, ಹಳೆಯ ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಲು ಸಭೆಯು ಒಪ್ಪಿಗೆ ನೀಡಬಾರದು.